ಕಲ್ಲಿಗೊಂದು ವಿಳಾಸ

ಹಂಪಿಯ ಅರಮನೆ ಆವರಣದಲ್ಲಿ, ಮಹಾನವಮಿ ದಿಬ್ಬಕ್ಕೆ ಸಮೀಪ, ಮೆಟ್ಟಿಲು ಮೆಟ್ಟಿಲಾಗಿ ತಳಕ್ಕಿಳಿಯುವ ಐದು ಹಂತಗಳ ಪುಷ್ಕರಣಿಯೊಂದಿದೆ. ಬಹುಕಾಲ ಮಣ್ಣಿನಡಿ ಹೂತುಹೋಗಿದ್ದ ಇದನ್ನು 1980ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದು ತೆಗೆಯಿತು. ಸುತ್ತಲಿನ ಕಣಶಿಲೆಯ ಕಟ್ಟಡಗಳ ನಡುವೆ ಇದರ ಕಪ್ಪು ಛಾಯೆಯ ಶಿಸ್ಟ್ ಕಲ್ಲು ಬೇರೆಯಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೈಮೇಲೆ ಚಿಕ್ಕ ಚಿಕ್ಕ ಅಕ್ಷರಗಳು, ಅಂಕಿಗಳು. ಅವುಗಳಲ್ಲಿ ದಾನದ ಮಾತಿಲ್ಲ, ದೊರೆಯ ಹೆಸರಿಲ್ಲ. ಯಾವ ದಿಕ್ಕಿನ ಮಗ್ಗುಲು, ಎಷ್ಟನೆಯ ಸಾಲು, ಆ ಸಾಲಿನಲ್ಲಿ ಎಷ್ಟನೆಯ ಕಲ್ಲು, ಇಷ್ಟೇ. ಕಲ್ಲುಗಳನ್ನು ಬೇರೆಡೆ ಕಡೆದು ಸಿದ್ಧಪಡಿಸಿ, ಇಲ್ಲಿಗೆ ತಂದು ಜೋಡಿಸಿದರೆಂಬುದು ವಿದ್ವಾಂಸರ ತರ್ಕ. ಜೋಡಿಸುವವನಿಗೆ ಬೇಕಾಗಿದ್ದದ್ದು ಕೈಯಲ್ಲಿರುವ ಈ ಕಲ್ಲು ಯಾವ ಕಲ್ಲಿನ ಪಕ್ಕಕ್ಕೆ ಹೋಗಬೇಕೆಂಬ ತಿಳಿವಳಿಕೆ. ಅದನ್ನು ಯಾರ ತಲೆಯಲ್ಲೂ ಉಳಿಸದೆ ಕಲ್ಲಿನ ಮೇಲೆಯೇ ಬರೆದಿಟ್ಟರು. ಹಾಗಾಗಿಯೇ ಅದು ಇಂದಿಗೂ ಓದಲು ಸಿಗುತ್ತಿದೆ.

ನೀರು, ವಿದ್ಯುತ್ತು, ಒಳಚರಂಡಿಯಂಥ ಸಾರ್ವಜನಿಕ ಸೇವೆಗಳನ್ನು ಕಂಪ್ಯೂಟರಿನ ನಕ್ಷೆಯ ಮೂಲಕ ನಿರ್ವಹಿಸಲು ಇಂದು ಬಳಸುವ ವಿದ್ಯೆಗೆ ಜಿಐಎಸ್ ಎಂಬ ಹೆಸರಿದೆ. 1960ರ ದಶಕದಲ್ಲಿ ಕೆನಡಾದ ವಿಶಾಲ ನೆಲದ ಲೆಕ್ಕ ಇಡಲು ರೋಜರ್ ಟಾಮ್ಲಿನ್‌ಸನ್ ರೂಪಿಸಿದ ವ್ಯವಸ್ಥೆಯಿಂದ ಅದರ ಚರಿತ್ರೆ ಶುರುವಾಗುತ್ತದೆ. ಜಿಐಎಸ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಉಪಗ್ರಹದ ಚಿತ್ರ, ಬಣ್ಣದ ಗೆರೆಗಳು, ದೊಡ್ಡ ಪರದೆ. ಆದರೆ ಈ ವಿದ್ಯೆಯ ಜೀವಾಳ ಪುಷ್ಕರಣಿಯ ಕಲ್ಲಿನಲ್ಲಿದೆ ಎಂಬುದು ಈ ಅಧ್ಯಾಯದ ವಾದ. ಪ್ರತಿ ವಸ್ತುವಿಗೂ ಅಳಿಯದ ಒಂದು ವಿಳಾಸ ಬೇಕು. ಅದರ ಪಕ್ಕದಲ್ಲಿ ಯಾವುದಿದೆ ಎಂಬ ಸಂಬಂಧ ಬೇಕು. ಆ ವಸ್ತುವನ್ನು ಮುಟ್ಟಿದ ಕೈಯೇ, ಮುಟ್ಟಿದ ಹೊತ್ತಿನಲ್ಲೇ, ಅದರ ದಾಖಲೆಯನ್ನು ತಿದ್ದಬೇಕು. ಈ ಮೂರರಲ್ಲಿ ಕೊನೆಯದು ಅತ್ಯಂತ ಅಗ್ಗದ್ದು. ನಮ್ಮಲ್ಲಿ ಅತ್ಯಂತ ಅಪರೂಪದ್ದೂ ಅದೇ.

ಹೊಸಪೇಟೆಯನ್ನೇ ತೆಗೆದುಕೊಳ್ಳೋಣ. 2011ರ ಜನಗಣತಿಯಂತೆ ಎರಡು ಲಕ್ಷಕ್ಕೂ ಮಿಕ್ಕಿ ಜನರಿರುವ ಈ ಊರಿನೊಳಗೆ ವಿಜಯನಗರ ಕಾಲದ ರಾಯ ಕಾಲುವೆ ಮತ್ತು ಬಸವಣ್ಣ ಕಾಲುವೆ ಹರಿಯುತ್ತವೆ. ಅವುಗಳ ಮೂಲದ ಹಳೆಯ ಒಡ್ಡು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಮೇಲೆ ಅವು ಜಲಾಶಯದಿಂದಲೇ ನೀರು ಪಡೆಯುತ್ತಿವೆ. ಇಂಥ ಕಾಲುವೆಯನ್ನು ಊರಿನ ಒಂದು ರಸ್ತೆ ದಾಟುವ ಜಾಗವನ್ನು ಊಹಿಸಿಕೊಳ್ಳಿ. ಕೆಳಗೆ ನೀರಾವರಿಯ ಕಾಲುವೆ. ಅದರ ಪಕ್ಕ ನಗರಸಭೆಯ ಕುಡಿಯುವ ನೀರಿನ ಪೈಪು, ಒಳಚರಂಡಿಯ ಚೇಂಬರು, ದೂರವಾಣಿ ಕಂಪನಿಗಳ ಕೇಬಲ್ಲು. ಮೇಲೆ ವಿದ್ಯುತ್ ಕಂಪನಿ ಜೆಸ್ಕಾಂನ 11 ಕೆವಿ ಲೈನು, ಅದರಡಿ ಮನೆಗಳಿಗೆ ಹೋಗುವ ಎಲ್‌ಟಿ ಲೈನು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಗೆರೆಗಳಾಗಿ ಬರೆದರೆ ಚಿತ್ರವೇನೋ ಸಿಗುತ್ತದೆ. ಆದರೆ ಎರಡು ಗೆರೆಗಳು ಒಂದನ್ನೊಂದು ದಾಟುವಲ್ಲಿ ಅವು ಕೂಡಿಕೊಂಡಿವೆಯೋ, ಒಂದರ ಕೆಳಗೊಂದು ಹಾದುಹೋಗಿವೆಯೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಪೈಪು ಒಡೆದಾಗ ಕೇಳಬೇಕಾದ ಪ್ರಶ್ನೆಯೇ ಅದು: ಈ ಸೋರಿಕೆ ನಿಲ್ಲಲು ಯಾವ ಯಾವ ವಾಲ್ವ್ ಮುಚ್ಚಬೇಕು? ಮುಚ್ಚಿದರೆ ಯಾವ ಬೀದಿಗೆ ನೀರು ನಿಲ್ಲುತ್ತದೆ? ಗಣಿತದಲ್ಲಿ ಇದು ಬಿಂದು ಮತ್ತು ಕೊಂಡಿಗಳ ಜಾಲದ ಲೆಕ್ಕ. ಒಡೆದ ಜಾಗದಿಂದ ಹೊರಟು, ಎದುರಾಗುವ ಪ್ರತಿ ಕೊಂಡಿಯಲ್ಲೂ ಮುಂದೆ ಸಾಗಿ, ವಾಲ್ವ್ ಸಿಕ್ಕಲ್ಲಿ ನಿಲ್ಲುವುದು. ಕಂಪ್ಯೂಟರಿಗೆ ಇದು ಕ್ಷಣದ ಕೆಲಸ, ಆದರೆ ಕೊಂಡಿಗಳು ಸರಿಯಾಗಿ ದಾಖಲಾಗಿದ್ದರೆ ಮಾತ್ರ. ಒಂದೇ ಒಂದು ವಾಲ್ವ್ ನಕ್ಷೆಯಲ್ಲಿ ಇಲ್ಲದಿದ್ದರೆ ಉತ್ತರ ಇಡೀ ಬಡಾವಣೆಯನ್ನು ಒಣಗಿಸುವಷ್ಟು ಹಿಗ್ಗುತ್ತದೆ. ಇದ್ದೂ ತುಕ್ಕು ಹಿಡಿದು ತಿರುಗದಂತಾಗಿದ್ದು, ಆ ಸಂಗತಿ ದಾಖಲಾಗದಿದ್ದರೆ ಉತ್ತರ ಸುಳ್ಳೇ ಆಗುತ್ತದೆ.

ವಿದ್ಯುತ್ತಿನಲ್ಲಿ ಈ ಸಂಬಂಧದ ಲೆಕ್ಕ ಇನ್ನೂ ಸ್ಪಷ್ಟ. ಕರ್ನಾಟಕದ ಪ್ರತಿ ವಿದ್ಯುತ್ ಸಂಪರ್ಕಕ್ಕೂ ಆರ್.ಆರ್. ನಂಬರ್ ಎಂಬ ಗುರುತಿದೆ. ಕರೆಂಟ್ ಬಿಲ್ಲು ನೋಡಿದ ಯಾರಿಗೂ ಅದು ಹೊಸದಲ್ಲ. 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಆರ್-ಎಪಿಡಿಆರ್‌ಪಿ ಯೋಜನೆ 30,000ಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ಈ ಗುರುತುಗಳನ್ನು ನೆಲದ ಮೇಲಿನ ಜಾಗಕ್ಕೆ ಕಟ್ಟಿಹಾಕುವ ಕೆಲಸಕ್ಕೆ ಹಣ ಕೊಟ್ಟಿತು. ಯಾವ ಮೀಟರು ಯಾವ ಕಂಬದಿಂದ, ಆ ಕಂಬ ಯಾವ ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ), ಆ ಟಿಸಿ ಯಾವ ಫೀಡರಿನಿಂದ ವಿದ್ಯುತ್ ಪಡೆಯುತ್ತದೆ ಎಂಬ ಸರಪಣಿಯನ್ನು ಹೆಣೆಯುವುದು ಅದರ ಉದ್ದೇಶ. ಸರಪಣಿ ಸಿದ್ಧವಾದರೆ ಸೋರಿಕೆಯ ಲೆಕ್ಕ ಬರೀ ಕಳೆಯುವ ಲೆಕ್ಕ. ಟಿಸಿಗೆ ಕಟ್ಟಿದ ಮೀಟರು ತಿಂಗಳಿಗೆ 10,000 ಯೂನಿಟ್ ತೋರಿಸಿ, ಅದರಡಿಯ ಎಲ್ಲ ಆರ್.ಆರ್. ನಂಬರುಗಳ ಮೊತ್ತ 8,500 ಬಂದರೆ ಉಳಿದ 1,500 ಎಲ್ಲಿ ಹೋಯಿತು ಎಂದು ಆ ಒಂದು ಟಿಸಿಯ ಸುತ್ತಲೇ ಹುಡುಕಬಹುದು. ಇಡೀ ಜಿಲ್ಲೆಯ ಮೇಲೆ ಸಂಶಯಪಡುವ ಬದಲು ನಲವತ್ತು ಮನೆಗಳ ನಡುವೆ ಪರೀಕ್ಷೆ ಮಾಡಬಹುದು. ಈಗ ಮಳೆಗಾಲದ ಒಂದು ರಾತ್ರಿ ಆ ಟಿಸಿ ಸುಟ್ಟಿತೆನ್ನಿ. ಲೈನ್‌ಮನ್ ಹತ್ತು ಮನೆಗಳನ್ನು ಪಕ್ಕದ ಟಿಸಿಗೆ ಜೋಡಿಸಿ ಬೆಳಕು ಕೊಡುತ್ತಾನೆ. ಅವನ ಕೆಲಸ ಸರಿ, ಶ್ಲಾಘನೀಯ. ಆದರೆ ಆ ಬದಲಾವಣೆ ನಕ್ಷೆಗೆ ತಲುಪದಿದ್ದರೆ ಮುಂದಿನ ತಿಂಗಳಿನಿಂದ ಒಂದು ಟಿಸಿಯಲ್ಲಿ ಕೊಟ್ಟದ್ದಕ್ಕಿಂತ ಹೆಚ್ಚು ಬಳಕೆಯಾದಂತೆಯೂ, ಇನ್ನೊಂದರಲ್ಲಿ ಕಳವು ನಡೆದಂತೆಯೂ ಲೆಕ್ಕ ತೋರಿಸುತ್ತದೆ. ಇಂಥವು ಹತ್ತಾರು ಕೂಡಿದರೆ ಎಂಜಿನಿಯರಿಗೆ ನಕ್ಷೆಯ ಮೇಲಿನ ನಂಬಿಕೆಯೇ ಹೋಗುತ್ತದೆ. ನಂಬಿಕೆ ಹೋದ ನಕ್ಷೆಯನ್ನು ತಿದ್ದುವವರೂ ಇರುವುದಿಲ್ಲ.

ಕಂಪ್ಲಿಯ ಕಡೆ ಇದರ ಮೇಲೆ ಇನ್ನೊಂದು ತೊಡಕಿದೆ. ಭತ್ತ, ಕಬ್ಬು, ಬಾಳೆಯ ಆ ನೆಲದಲ್ಲಿ ಕಾಲುವೆ ನೀರಿನ ಜೊತೆಗೆ ಪಂಪ್‌ಸೆಟ್ಟುಗಳೂ ಇವೆ. 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ, ಹಾಗಾಗಿ ಬಹುಪಾಲಿಗೆ ಮೀಟರಿಲ್ಲ. ಮೀಟರಿಲ್ಲದ ಕಡೆ ಬಳಕೆಯನ್ನು ಅಂದಾಜು ಮಾಡಬೇಕು, ಅಂದಾಜಿನೊಳಗೆ ಸೋರಿಕೆ ಅಡಗಿ ಕೂರುತ್ತದೆ. ಕೃಷಿಯ ಫೀಡರನ್ನು ಊರಿನ ಫೀಡರಿನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಈ ಗೋಜಲನ್ನು ಒಂದಿಷ್ಟು ಬಿಡಿಸಿತು. ಪಂಪ್‌ಸೆಟ್ಟಿನ ಜಾಗವನ್ನು ನಕ್ಷೆಗೆ ಏರಿಸುವಾಗ, ನಾಳೆ ಇದಕ್ಕೂ ಬಿಲ್ಲು ಬಂದೀತೆಂದು ರೈತ ಹೆದರಿದರೆ ಅದನ್ನು ತಪ್ಪೆನ್ನಲಾಗದು. ಉಚಿತ ವಿದ್ಯುತ್ತು ಸರ್ಕಾರದ ನೀತಿಯ ಪ್ರಶ್ನೆ, ನಕ್ಷೆ ಅಳತೆಯ ಪ್ರಶ್ನೆ. ಎರಡನ್ನೂ ಬೇರೆ ಇಡುತ್ತೇವೆಂಬ ಭರವಸೆ ಲಿಖಿತವಾಗಿ ಸಿಗದೆ ರೈತ ಸಹಕರಿಸಬೇಕೆಂದು ಕೇಳುವುದು ನ್ಯಾಯವಲ್ಲ.

ವಿಳಾಸ ಎಷ್ಟು ಕರಾರುವಾಕ್ಕಾಗಿರಬೇಕು? ಅಕ್ಷಾಂಶದ ಒಂದು ಡಿಗ್ರಿ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ದಶಾಂಶದ ನಂತರದ ಐದನೆಯ ಅಂಕಿ ಸುಮಾರು ಒಂದು ಮೀಟರನ್ನು ಸೂಚಿಸುತ್ತದೆ. ಸಾಮಾನ್ಯ ಮೊಬೈಲು ತೆರೆದ ಬಯಲಲ್ಲಿ ನಾಲ್ಕೈದು ಮೀಟರಿನೊಳಗೆ ಜಾಗ ಹೇಳುತ್ತದೆ. ಕಂಬ ಹುಡುಕಲು ಇದು ಧಾರಾಳ ಸಾಕು, ಏಕೆಂದರೆ ಉಳಿದ ಕೆಲಸ ಕಣ್ಣು ಮಾಡುತ್ತದೆ. ನೆಲದಡಿಯ ಪೈಪಿಗೆ ಸಾಲದು. ನಾಲ್ಕು ಮೀಟರು ತಪ್ಪಿದರೆ ಜೆಸಿಬಿ ರಸ್ತೆಯ ಇನ್ನೊಂದು ಮಗ್ಗುಲನ್ನೇ ಅಗೆಯುತ್ತದೆ. ಅಮೃತ್ ಯೋಜನೆಯಡಿ ಹೊಸಪೇಟೆಯಂಥ ನಗರಗಳಿಗೆ ಉಪಗ್ರಹ ಚಿತ್ರಗಳಿಂದ ತಯಾರಿಸಲು ಹೊರಟ ನಕ್ಷೆಗಳ ಪ್ರಮಾಣ 1:4000. ಅಂದರೆ ಹಾಳೆಯ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ ನಾಲ್ಕು ಮೀಟರು. ಊರು ಯಾವ ಕಡೆ ಬೆಳೆಯಬೇಕೆಂದು ಯೋಚಿಸಲು ಅದು ಒಳ್ಳೆಯ ನಕ್ಷೆ, ಪೈಪು ಅಗೆಯಲು ಅಲ್ಲ. ಇನ್ನೊಂದು ಅಪಾಯ ಕಣ್ಣಿಗೆ ಬೀಳದಂಥದ್ದು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ 1830ರಲ್ಲಿ ಕೊಟ್ಟ ಅಳತೆಗಳನ್ನು ಆಧರಿಸಿದವು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬ ಬೇರೆ ಆಧಾರವನ್ನು. ಪರಿವರ್ತಿಸದೆ ಒಂದರ ಮೇಲೊಂದು ಇಟ್ಟರೆ ನಮ್ಮ ಸೀಮೆಯಲ್ಲಿ ಅದೇ ಬಾಂದು ಕಲ್ಲು ನೂರು ಮೀಟರಿಗೂ ಮಿಕ್ಕಿ ಆಚೆ ಬೀಳುತ್ತದೆ. ಎರಡೂ ನಕ್ಷೆಗಳು ಅವುಗಳ ಮಟ್ಟಿಗೆ ಸರಿ. ಯಾವ ಆಧಾರದ ಮೇಲೆ ಅಳೆದದ್ದು ಎಂಬ ಒಂದು ಸಾಲು ಬರೆಯದಿದ್ದುದೇ ತಪ್ಪು.

ಹೂತ ಪೈಪನ್ನು ನೆಲ ಅಗೆಯದೆ ಹುಡುಕುವ ಉಪಕರಣಗಳಿವೆಯಲ್ಲ ಎಂಬ ಮಾತು ಇಲ್ಲಿ ಬರುತ್ತದೆ. ನೆಲದೊಳಕ್ಕೆ ರೇಡಿಯೋ ಅಲೆ ಕಳಿಸಿ ಪ್ರತಿಫಲನ ಓದುವ ರಾಡಾರ್ ನಿಜಕ್ಕೂ ಅದ್ಭುತ ಸಾಧನ. ಆದರೆ ಒದ್ದೆ ಜೇಡಿ ಆ ಅಲೆಗಳನ್ನು ಕುಡಿದುಬಿಡುತ್ತದೆ. ವರ್ಷದ ಬಹುಭಾಗ ನೀರುಂಡಿರುವ ಕಂಪ್ಲಿಯ ಎರೆಭೂಮಿಯಲ್ಲಿ ಅದರ ನೋಟ ಆಳಕ್ಕೆ ಇಳಿಯುವುದು ಕಷ್ಟ. ಲೋಹ ಪತ್ತೆ ಮಾಡುವ ಯಂತ್ರಕ್ಕೆ ಕಬ್ಬಿಣದ ಪೈಪು ಸಿಗುತ್ತದೆ, ಪಿವಿಸಿ ಸಿಗುವುದಿಲ್ಲ. ಹಂಪಿ, ಕಮಲಾಪುರದ ಕಡೆ ಕಥೆ ಬೇರೆ. ಅಲ್ಲಿ ಬಂಡೆ ಮೇಲೆಯೇ ಇರುವುದರಿಂದ ಪೈಪು ನೇರವಾಗಿ ಹೋಗದೆ ಬಂಡೆ ಬಿಟ್ಟ ದಾರಿ ಹಿಡಿಯುತ್ತದೆ. ಎರಡು ತುದಿಗಳನ್ನು ಗೆರೆಯಿಂದ ಕೂಡಿಸಿದ ನಕ್ಷೆ ಅಲ್ಲಿ ಕೆಲಸಕ್ಕೆ ಬಾರದು. ಹೀಗಿರುವಾಗ ಪೈಪಿನ ಜಾಗ ಅಳೆಯಲು ಅತಿ ಸುಲಭದ, ಅತಿ ಕಡಿಮೆ ಖರ್ಚಿನ ಹೊತ್ತು ಒಂದೇ: ಕಂದಕ ತೆರೆದಿರುವಾಗ. ಪೈಪು ಕಣ್ಣಿಗೆ ಕಾಣುತ್ತಿದೆ, ಆಳ ಟೇಪಿಗೆ ಸಿಗುತ್ತದೆ, ತಿರುವಿನ ಮೇಲೆ ಉಪಕರಣ ಹಿಡಿದು ನಿಂತರೆ ಸಾಕು. ಸ್ಥಿರ ನೆಲಕೇಂದ್ರಗಳಿಂದ ತಿದ್ದುಪಡಿ ಪಡೆಯುವ ಜಿಪಿಎಸ್ ಉಪಕರಣಕ್ಕೆ ಕೆಲವೇ ಸೆಂಟಿಮೀಟರಿನ ನಿಖರತೆ ಸಾಧ್ಯ. ಅಂಥ ಕೇಂದ್ರಗಳ ಜಾಲವನ್ನು ಭಾರತೀಯ ಸರ್ವೇಕ್ಷಣ ಇಲಾಖೆ ಮೊದಲು ಹರಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಣ್ಣು ಮುಚ್ಚಿದ ಮರುದಿನದಿಂದ ಅದೇ ಅಳತೆಯ ಬೆಲೆ ಹಲವು ಪಟ್ಟು ಏರುತ್ತದೆ.

ಈ ವಾದಕ್ಕೆ ನಾನು ಅತ್ಯಂತ ಗೌರವದಿಂದ ಎಣಿಸುವ ಆಕ್ಷೇಪ ವಾಲ್‌ಮನ್‌ನದು. ಮೂವತ್ತು ವರ್ಷ ಒಂದೇ ಊರಿನ ನೀರು ಬಿಟ್ಟವನಿಗೆ ಯಾವ ವಾಲ್ವ್ ಎಷ್ಟು ಸುತ್ತು ತಿರುಗುತ್ತದೆ, ಯಾವುದು ಅರ್ಧಕ್ಕೆ ನಿಲ್ಲುತ್ತದೆ, ಯಾವ ಬೀದಿಯ ಏರಿಗೆ ನೀರು ಹತ್ತಲು ಎಷ್ಟು ಹೊತ್ತು ಬೇಕು ಎಲ್ಲವೂ ಗೊತ್ತು. ಅವನ ತಲೆಯಲ್ಲಿರುವ ನಕ್ಷೆಗೆ ಸಮನಾದ ನಕ್ಷೆ ಯಾವ ಕಂಪ್ಯೂಟರಿನಲ್ಲೂ ಇಲ್ಲ, ಮತ್ತೇಕೆ ಈ ಖರ್ಚು? ಮಾತಿನ ಮೊದಲ ಅರ್ಧ ಪೂರ್ತಿ ನಿಜ. ಅದು ನಿಜವಾದ್ದರಿಂದಲೇ ಎರಡನೆಯ ಅರ್ಧ ನಿಲ್ಲುವುದಿಲ್ಲ. ಅಷ್ಟು ಅಮೂಲ್ಯವಾದ ತಿಳಿವಳಿಕೆ ಅವನ ನಿವೃತ್ತಿಯ ದಿನ ಊರಿನ ಕೈತಪ್ಪುತ್ತದೆ. ಅವನು ರಜೆ ಹಾಕಿದ ದಿನ ಪೈಪು ಒಡೆದರೆ ಊರು ಕಾಯುತ್ತದೆ. ಅದಕ್ಕಿಂತ ಮುಖ್ಯವಾಗಿ, ತಿಳಿವಳಿಕೆ ಒಬ್ಬನ ತಲೆಯಲ್ಲಿದ್ದಾಗ ಅದನ್ನು ಇನ್ನೊಬ್ಬ ಪರೀಕ್ಷಿಸಲಾರ. ಏರಿನ ಬೀದಿಗೆ ನೀರು ಬಾರದಿದ್ದರೆ ಅದು ಭೂಗುಣದ ತೊಂದರೆಯೋ, ಹಂಚಿಕೆಯ ಪಕ್ಷಪಾತವೋ ಎಂದು ಆ ಬೀದಿಯ ಹೆಂಗಸರು ಕೇಳಿದರೆ ತೋರಿಸಲು ಯಾವ ದಾಖಲೆಯೂ ಇರುವುದಿಲ್ಲ. ನಕ್ಷೆ ಬಂದಾಗ ವಾಲ್‌ಮನ್ ಬೇಡವಾಗುತ್ತಾನೆ ಎಂಬ ಭಯಕ್ಕೆ ಉತ್ತರ, ನಕ್ಷೆಯನ್ನು ಮೊದಲು ಬರೆಯಬೇಕಾದವನೇ ಅವನು ಎಂಬುದು. ಹೊರಗಿನ ಸಂಸ್ಥೆಯೊಂದು ಆರು ತಿಂಗಳಲ್ಲಿ ಸರ್ವೆ ಮುಗಿಸಿ, ಅವನನ್ನು ಒಂದು ಮಾತೂ ಕೇಳದೆ ಕೊಟ್ಟುಹೋದ ನಕ್ಷೆ ಮೊದಲ ದಿನವೇ ಹಳತು.

ನಕ್ಷೆಗೆ ಕಾಲದ ಆಯಾಮ ಎಷ್ಟು ಬೇಕೆಂಬುದಕ್ಕೆ ತುಂಗಭದ್ರಾ ಜಲಾಶಯಕ್ಕಿಂತ ಒಳ್ಳೆಯ ಸಾಕ್ಷಿ ಹತ್ತಿರದಲ್ಲಿ ಇಲ್ಲ. 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬುತ್ತಾ ಬಂದಂತೆ ಜಲಾಶಯದ ತಳವನ್ನು ಮತ್ತೆ ಮತ್ತೆ ಅಳೆಯಲಾಯಿತು. 2008ರ ಸರ್ವೆ 100.855 ಟಿಎಂಸಿ ಎಂದಿತು, 2016ರ ಸರ್ವೆ 105.788 ಟಿಎಂಸಿ ಎಂದಿತು. ಎಂಟು ವರ್ಷಗಳಲ್ಲಿ ಜಲಾಶಯ ತಾನಾಗಿ ದೊಡ್ಡದಾಗಲಾರದು, ಹೂಳು ತಾನೇ ಎದ್ದು ಹೋಗಲಾರದು. ಬದಲಾದದ್ದು ಅಳೆದ ಕ್ರಮ ಎಂದೇ ತಿಳಿಯಬೇಕು. ಸುಮಾರು ಐದು ಟಿಎಂಸಿಯ ಈ ವ್ಯತ್ಯಾಸ ಕರ್ನಾಟಕ, ಆಂಧ್ರ, ತೆಲಂಗಾಣಗಳ ನೀರಿನ ಪಾಲಿನ ಲೆಕ್ಕಕ್ಕೆ ಸಣ್ಣದೇನಲ್ಲ. ಆದ್ದರಿಂದ ನಕ್ಷೆಯ ಪ್ರತಿ ಅಂಕಿಯ ಬೆನ್ನಿಗೂ ಅದು ಯಾವ ವರ್ಷ, ಯಾವ ವಿಧಾನದಿಂದ ಬಂತೆಂಬ ಮಾಹಿತಿ ಅಂಟಿಕೊಂಡಿರಬೇಕು.

ಅದೇ ಅಣೆಕಟ್ಟಿನಲ್ಲಿ 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರನ್ನು ಹೊಳೆಗೆ ಬಿಟ್ಟು, ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ಆ ಜಾಗಕ್ಕೆ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಲಾಯಿತು. ಮುಂದೆ ತಜ್ಞರ ಸಮಿತಿ ಎಲ್ಲ 33 ಗೇಟುಗಳನ್ನೂ ಬದಲಿಸಲು ಶಿಫಾರಸು ಮಾಡಿತು. ಡಿಜಿಟಲ್ ನಕ್ಷೆ ಇದ್ದಿದ್ದರೆ ಆ ಚೈನು ಉಳಿಯುತ್ತಿತ್ತೇ ಎಂದು ಯಾರಾದರೂ ಕೇಳಿದರೆ ಹೌದೆಂದು ಹೇಳಲಾರೆ. 19ನೇ ಗೇಟು ಎಲ್ಲಿದೆ ಎಂಬುದು ಎಪ್ಪತ್ತು ವರ್ಷಗಳಿಂದ ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ನಂಬರೂ ಇತ್ತು. ಲೋಹದ ದಣಿವನ್ನು ನಕ್ಷೆ ಅಳೆಯಲಾರದು, ಸುತ್ತಿಗೆಯೂ ಶ್ರವಣಾತೀತ ತರಂಗದ ಪರೀಕ್ಷೆಯೂ ಅಳೆಯಬೇಕು. ಆದರೆ ಪರೀಕ್ಷೆಯ ಫಲ ಎಲ್ಲಿ ಕೂರಬೇಕು? ಯಾವುದೋ ಕಡತದಲ್ಲಿ ಕೂತರೆ ಅದನ್ನು ತೆರೆದವನಿಗೆ ಮಾತ್ರ ಕಾಣುತ್ತದೆ. ವಿಳಾಸಕ್ಕೆ ಅಂಟಿ ಕೂತರೆ ಯಾವ ಭಾಗ ಎಷ್ಟು ವರ್ಷದ್ದು, ಯಾವುದನ್ನು ಕೊನೆಯ ಸಲ ಯಾವಾಗ ಮುಟ್ಟಿದ್ದು ಎಂಬುದು 33 ಗೇಟುಗಳಿಗೂ ಒಟ್ಟಿಗೆ, ಒಂದೇ ನೋಟದಲ್ಲಿ ಕಾಣುತ್ತದೆ. ನಕ್ಷೆಯಿಂದ ಇಷ್ಟನ್ನು ಮಾತ್ರ ನಿರೀಕ್ಷಿಸಬಹುದು. ಇಷ್ಟೂ ಕಡಿಮೆಯೇನಲ್ಲ.

ವಿಳಾಸ, ಸಂಬಂಧ, ಕಾಲ ಎಲ್ಲ ಸರಿಯಿದ್ದರೂ ಒಂದು ಕೊರತೆ ಉಳಿಯಬಹುದು. ಅದನ್ನು ಕಲಿಸಿದ್ದು ಬಳ್ಳಾರಿ ಜಿಲ್ಲೆಯ ಗಣಿನಾಡು ಸಂಡೂರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಎದುರಾದ ಮೊದಲ ಪ್ರಶ್ನೆ, ಗುತ್ತಿಗೆಯ ಗಡಿ ನೆಲದ ಮೇಲೆ ಎಲ್ಲಿದೆ ಎಂಬುದು. ಗಣಿ, ಅರಣ್ಯ, ಕಂದಾಯ ಇಲಾಖೆಗಳ ದಾಖಲೆಗಳನ್ನು ನೆಲಕ್ಕೆ ಹೋಲಿಸಿ ನೋಡಲು ಜಂಟಿ ಸರ್ವೆ ಬೇಕಾಯಿತು. ಅದರ ಆಧಾರದ ಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅತಿಕ್ರಮಣವಿದ್ದ ಸಿ ವರ್ಗದ ಗುತ್ತಿಗೆಗಳನ್ನು 2013ರ ಏಪ್ರಿಲ್ 18ರ ತೀರ್ಪು ರದ್ದುಮಾಡಿತು. ಅಲ್ಲಿ ಫಲ ಕೊಟ್ಟದ್ದು ಉಪಕರಣವೊಂದೇ ಅಲ್ಲ. ಬೇರೆ ಬೇರೆ ಇಲಾಖೆಗಳು ಒಂದೇ ಜಾಗದಲ್ಲಿ ನಿಂತು ಒಂದೇ ಅಂಕಿಗೆ ಬದ್ಧವಾದವು. ನ್ಯಾಯಾಲಯದ ಒತ್ತಾಯದಿಂದ ಬೆಟ್ಟದ ಮೇಲೆ ಆದದ್ದು ನಮ್ಮ ರಸ್ತೆಗಳ ಕೆಳಗೆ ಇನ್ನೂ ಆಗಬೇಕಿದೆ. 2023ರ ಮಾರ್ಚ್ 22ರಂದು ಪ್ರಧಾನಿ ಬಿಡುಗಡೆ ಮಾಡಿದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಆ ದಿಕ್ಕಿನ ಹೆಜ್ಜೆ. ಅಗೆಯುವವರು ಮೊದಲೇ ತಿಳಿಸಿದರೆ ಆ ನೆಲದಡಿ ಏನಾದರೂ ಇರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ಬೆಲ್ಜಿಯಂ ಈ ಪಾಠ ಕಲಿತದ್ದು ದುಬಾರಿ ಬೆಲೆ ತೆತ್ತು: 2004ರ ಜುಲೈ 30ರಂದು ಗಿಲೆಂಗಿಯೆನ್‌ನಲ್ಲಿ, ಕಾಮಗಾರಿಯ ವೇಳೆ ಗಾಯಗೊಂಡಿದ್ದ ಅನಿಲದ ಪೈಪು ಸ್ಫೋಟಿಸಿ 24 ಜನ ಸತ್ತರು. ಬ್ರಿಟನ್ನಿನ ಸರ್ಕಾರದ ಅಂದಾಜಿನಂತೆ ಅಲ್ಲಿ ವರ್ಷಕ್ಕೆ ಸುಮಾರು 60,000 ಬಾರಿ ಅಗೆತದ ಯಂತ್ರ ನೆಲದಡಿಯ ಪೈಪಿಗೋ ಕೇಬಲ್ಲಿಗೋ ತಾಗುತ್ತದೆ. ಅಲ್ಲೀಗ ಎಲ್ಲ ಸಂಸ್ಥೆಗಳ ಗೆರೆಗಳನ್ನೂ ಒಂದೇ ನಕ್ಷೆಗೆ ತರುವ ಕೆಲಸ ನಡೆದಿದೆ.

ಎಲ್ಲವನ್ನೂ ಒಂದೆಡೆ ತೆರೆದಿಟ್ಟರೆ ದುಷ್ಟರ ಕೈಗೂ ಸಿಕ್ಕೀತು ಎಂಬ ಆತಂಕ ನಿರಾಧಾರವಲ್ಲ. ಅಣೆಕಟ್ಟಿನ ಒಳಗಿನ ವಿವರ, ಸಬ್‌ಸ್ಟೇಷನ್ನಿನ ನಿಯಂತ್ರಣದ ವಿನ್ಯಾಸ ಎಲ್ಲರಿಗೂ ಬೇಕಿಲ್ಲ. ಆದರೆ ಬೀದಿಯ ಪೈಪನ್ನು ರಹಸ್ಯವಾಗಿಟ್ಟರೆ ಜೆಸಿಬಿಗೆ ಮಾತ್ರ ಅದು ರಹಸ್ಯವಾಗುತ್ತದೆ. ನಕ್ಷೆಯ ಪ್ರತಿ ಪದರಕ್ಕೂ ಬೇರೆ ಬೇರೆ ಕೀಲಿ ಇಡುವುದು ಈ ವ್ಯವಸ್ಥೆಯಲ್ಲಿ ಕಷ್ಟವಿಲ್ಲ. ಪದರಗಳನ್ನು ಒಂದರ ಮೇಲೊಂದಿಟ್ಟು ನೋಡದಿದ್ದರೆ ಏನಾಗುತ್ತದೆ ಎಂಬುದನ್ನು ಹಂಪಿ ಕಂಡಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ತಾಣವನ್ನು, ಅದರೊಳಗೇ ಎದ್ದ ತೂಗುಸೇತುವೆಗಳ ಕಾರಣಕ್ಕೆ ಯುನೆಸ್ಕೋ 1999ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿತು. ಹೊರಬರಲು 2006ರವರೆಗೆ ಕಾಯಬೇಕಾಯಿತು. ಸಂಪರ್ಕಕ್ಕೆ ಸೇತುವೆ ಬೇಕೆಂಬ ಹೊಳೆಯಾಚೆಯ ಆನೆಗೊಂದಿಯವರ ಬೇಡಿಕೆ ನ್ಯಾಯವಾದದ್ದೇ. ಸೇತುವೆಯ ನಕ್ಷೆಯನ್ನೂ ಪರಂಪರೆಯ ನಕ್ಷೆಯನ್ನೂ ಒಂದರ ಮೇಲೊಂದಿಟ್ಟು ನೋಡುವ ಕೆಲಸ ತಡವಾಯಿತು. ಪರಂಪರೆಯ ನಕ್ಷೆ ಇಲ್ಲದಿರಲಿಲ್ಲ: ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ 1980ರಿಂದ ಆ ನೆಲವನ್ನು ಚೌಕಗಳಾಗಿ ವಿಂಗಡಿಸಿ, ಗುಡಿ, ಮಂಟಪ, ಗೋಡೆಗಳಿಗೆ ಅಕ್ಷರ ಮತ್ತು ಅಂಕಿಯ ಗುರುತು ಕೊಡುತ್ತಾ ಬಂದಿದ್ದರು. ವಿಜಯನಗರದವರ ಸುಟ್ಟಮಣ್ಣಿನ ನೀರುಕೊಳವೆಗಳೂ ಅದೇ ಮಣ್ಣಿನಡಿ ಇವೆ. ಇಂದು ಹೊಸ ಪೈಪಿಗೆ ಅಗೆಯುವವನಿಗೆ ಎರಡು ಕಾಲದ ನೀರಿನ ನಕ್ಷೆಗಳೂ ಬೇಕು.

ಖರ್ಚಿನ ಮಾತು ಉಳಿಯಿತು. ಸಂಡೂರು, ಕಂಪ್ಲಿಯಂಥ ಪುರಸಭೆಗಳಿಗೆ ಇಡೀ ಪಟ್ಟಣವನ್ನು ಹೊಸದಾಗಿ ಸರ್ವೆ ಮಾಡಿಸುವ ಶಕ್ತಿ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಬೇಕಾಗಿಯೂ ಇಲ್ಲ. ಕಾಮಗಾರಿಯ ಬಿಲ್ಲು ಮಾಡಲು ಎಂಜಿನಿಯರು ತುಂಬುವ ಅಳತೆ ಪುಸ್ತಕ, ಎಲ್ಲರೂ ಎಂ.ಬಿ. ಎನ್ನುವ ಪುಸ್ತಕ, ಪ್ರತಿ ಕಚೇರಿಯಲ್ಲೂ ಇದೆ. ಅದರಲ್ಲಿ ಸಂಖ್ಯೆ, ಉದ್ದ, ಅಗಲ, ಆಳ ಎಂಬ ಕಾಲಂಗಳಿವೆ. ಎಷ್ಟು ಮೀಟರು ಪೈಪು ಹಾಕಿದರು, ಎಷ್ಟು ಆಳ ತೋಡಿದರು ಎಂಬುದು ಹಣದ ಲೆಕ್ಕಕ್ಕೆ ಬೇಕಾದ್ದರಿಂದ ತಪ್ಪದೆ ದಾಖಲಾಗುತ್ತದೆ. ಎಲ್ಲಿ ಹಾಕಿದರು ಎಂದು ಕೇಳಲು ಕಾಲಂ ಇಲ್ಲ. ಅದೇ ಪುಟಕ್ಕೆ ಅಕ್ಷಾಂಶ, ರೇಖಾಂಶ ಎಂಬ ಎರಡು ಕಾಲಂ ಸೇರಿಸಿ, ಪ್ರತಿ ತಿರುವಿಗೂ ಪ್ರತಿ ವಾಲ್ವಿಗೂ ಅದನ್ನು ತುಂಬದೆ ಬಿಲ್ಲು ಪಾಸಾಗದೆಂಬ ನಿಯಮ ಮಾಡಿದರೆ ಹೊಸ ಕಾಮಗಾರಿಯೆಲ್ಲ ತಾನಾಗಿ ನಕ್ಷೆಗೆ ಬರುತ್ತದೆ. ಹಳೆಯ ಪೈಪು ಒಡೆದು ದುರಸ್ತಿಗೆ ತೆರೆದಾಗ ಅದೂ ಬರುತ್ತದೆ. ಸಾಲಾಗಿ ಬರುವುದಿಲ್ಲ, ಈ ವರ್ಷ ಬಸ್‌ ನಿಲ್ದಾಣದ ಬಳಿ ಒಂದು ತುಂಡು, ಮುಂದಿನ ವರ್ಷ ಸಂತೆ ಮೈದಾನದ ಬಳಿ ಇನ್ನೊಂದು. ಆದರೆ ಬಂದ ಪ್ರತಿ ತುಂಡೂ ಕಣ್ಣಾರೆ ಕಂಡು ಅಳೆದದ್ದಾಗಿರುತ್ತದೆ. ಅಳೆಯಬೇಕಾದವರು, ಅಂದರೆ ಪೈಪು ಹಾಕುವ ಮೇಸ್ತ್ರಿ, ವಾಲ್‌ಮನ್, ಜೂನಿಯರ್ ಎಂಜಿನಿಯರ್, ಆ ಹೊತ್ತಿಗೆ ಕಂದಕದ ಬಾಯಲ್ಲೇ ನಿಂತಿರುತ್ತಾರೆ. ಮಣ್ಣು ಮುಚ್ಚಲು ಬರುವ ಜೆಸಿಬಿಯನ್ನು ಹತ್ತು ನಿಮಿಷ ತಡೆದು ನಿಲ್ಲಿಸಿದರೆ ಆಯಿತು.